ಆನ್‌ಲೈನ್ ದುಡಿಮೆಯ ಖರ್ಚು: ಎಷ್ಟು ಕೆಲಸದ್ದು, ಎಷ್ಟು ಮನೆಯದು?

ಅನುವಾದದ ಕೆಲಸವನ್ನು ಇಂಟರ್ನೆಟ್ಟಿನಲ್ಲೇ ಹಿಡಿದು, ಅಲ್ಲೇ ಒಪ್ಪಿಸಿ, ಹಣವನ್ನೂ ಅಲ್ಲಿಂದಲೇ ಪಡೆಯುವ ನನ್ನಂಥವರಿಗೆ ಸಂಬಳದ ಚೀಟಿ ಎಂಬುದಿಲ್ಲ. ತೆರಿಗೆಗೆ ಒಳಪಡುವ ಆದಾಯ ಎಷ್ಟೆಂದು ನಾವೇ ಲೆಕ್ಕ ಹಾಕಿ ತೋರಿಸಬೇಕು. ದುಡಿಮೆಗಾಗಿ ಆದ ಖರ್ಚನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಎಂಬುದು ಬಹಳಷ್ಟು ದೇಶಗಳು ಒಪ್ಪಿಕೊಂಡಿರುವ ತತ್ತ್ವ. ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಸೆಕ್ಷನ್ ಆ ಖರ್ಚು ಸಂಪೂರ್ಣವಾಗಿ ಮತ್ತು ಕೇವಲ ವೃತ್ತಿಗಾಗಿಯೇ ಆಗಿರಬೇಕೆಂದು ಹೇಳಿತು, ಬ್ರಿಟನ್ನಿನ ಕಾನೂನಿನ ಮಾತೂ ಅದೇ. ಅಮೆರಿಕದ ಕಾನೂನು ಸಾಮಾನ್ಯವೂ ಅಗತ್ಯವೂ ಆದ ವೆಚ್ಚ ಎನ್ನುತ್ತದೆ.

ಈ 'ಕೇವಲ' ಎಂಬ ಪದ ಎಷ್ಟು ಬಿಗಿಯಾದದ್ದೆಂದು ನನಗೆ ಮನವರಿಕೆಯಾದದ್ದು ಬ್ರಿಟನ್ನಿನ ವಕೀಲೆ ಆನ್ ಮ್ಯಾಲಲ್ಯೂ ಅವರ ಮೊಕದ್ದಮೆಯಿಂದ. ನ್ಯಾಯಾಲಯದ ಶಿಸ್ತಿಗೆಂದೇ ಕೊಂಡ ಕಪ್ಪು ಉಡುಪಿನ ಖರ್ಚನ್ನು ಅವರು ಆದಾಯದಿಂದ ಕಳೆದಿದ್ದರು. ಮೈ ಮುಚ್ಚುವುದೂ ಬೆಚ್ಚಗಿರುವುದೂ ಮನುಷ್ಯರ ಸಹಜ ಅಗತ್ಯವಾದ್ದರಿಂದ ಆ ಬಟ್ಟೆಯ ಉದ್ದೇಶ ವೃತ್ತಿಯೊಂದೇ ಅಲ್ಲವೆಂದು 1983ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ವಿಡಿಯೊ ಮಾಡಿ ಗಳಿಸುವವರು ಕ್ಯಾಮೆರಾದ ಮುಂದೆ ತೊಡಲು ಕೊಳ್ಳುವ ಸಾಮಾನ್ಯ ಅಂಗಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಉಟ್ಟ ಬಟ್ಟೆಯನ್ನು ಪಾಲು ಮಾಡಲಾಗದು, ಆದರೆ ಇಂಟರ್ನೆಟ್ ಬಿಲ್ಲನ್ನು ಪಾಲು ಮಾಡಬಹುದು. ಮನೆಮಂದಿಯೆಲ್ಲ ಬಳಸುವ ಸಂಪರ್ಕದಲ್ಲಿ ಕೆಲಸಕ್ಕೆ ಸಂದ ಭಾಗವನ್ನು ಕಳೆಯಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಆ ಭಾಗಕ್ಕೆ ಒಂದು ಆಧಾರವಿರಬೇಕು, ಅಷ್ಟೆ. ನಾನು ನಾಲ್ಕು ವಾರ ಮೇಜಿನ ಮೇಲೊಂದು ಪುಟ್ಟ ಪುಸ್ತಕವಿಟ್ಟು, ಕೆಲಸಕ್ಕೆ ಕುಳಿತ ಹೊತ್ತನ್ನೂ ಎದ್ದ ಹೊತ್ತನ್ನೂ ಮನೆಯವರ ಬಳಕೆಯನ್ನೂ ಬರೆದಿಟ್ಟೆ. ಬಹುಪಾಲು ನನ್ನ ಕೆಲಸಕ್ಕೇ ಹೋಗುತ್ತದೆಂದು ನಂಬಿದ್ದೆ. ಕೂಡಿ ನೋಡಿದರೆ ಅರ್ಧಕ್ಕಿಂತ ತುಸು ಕಡಿಮೆ ಇತ್ತು. ಅಂದಾಜಿನಲ್ಲಿ ಬರೆದಿದ್ದರೆ ಕೇಳಿದವರಿಗೆ ಉತ್ತರವಿರುತ್ತಿರಲಿಲ್ಲ. ಮೊಬೈಲ್ ಬಿಲ್ಲಿಗೂ ಕೆಲಸದ ಕೋಣೆಯ ಬಾಡಿಗೆಗೂ ವಿದ್ಯುತ್ತಿಗೂ ಇದೇ ಬಗೆಯ ಲೆಕ್ಕ, ಕೋಣೆಗೆ ಮಾತ್ರ ಹೊತ್ತಿನ ಜೊತೆಗೆ ವಿಸ್ತೀರ್ಣವನ್ನೂ ನೋಡಬೇಕು.

ಹೆಚ್ಚು ಜನ ಎಡವುವುದು ಕಮಿಷನ್ನಿನ ಲೆಕ್ಕದಲ್ಲಿ. ಗ್ರಾಹಕರು 100 ಕೊಟ್ಟು, ಕೆಲಸ ಕೊಡಿಸಿದ ಜಾಲತಾಣ 20 ಹಿಡಿದುಕೊಂಡು, ನಮ್ಮ ಖಾತೆಗೆ 80 ಬಂದರೆ, 100ನ್ನು ಆದಾಯದಲ್ಲಿಯೂ 20ನ್ನು ಖರ್ಚಿನಲ್ಲಿಯೂ ಬರೆಯುವುದು ಸರಿಯಾದ ಕ್ರಮ. ಮೊದಲ ವರ್ಷ ನಾನು 80ನ್ನಷ್ಟೇ ಬರೆದಿದ್ದೆ. ವರ್ಷದ ಕೊನೆಗೆ ಜಾಲತಾಣ ಕೊಟ್ಟ ಪಟ್ಟಿಯಲ್ಲಿ ಒಟ್ಟು ಮೊತ್ತವಿತ್ತು, ನನ್ನ ಪುಸ್ತಕ ಅದಕ್ಕೆ ತಾಳೆಯಾಗಲಿಲ್ಲ, ಇನ್‌ವಾಯ್ಸುಗಳನ್ನೆಲ್ಲ ಮತ್ತೆ ತೆಗೆದು ಒಂದೊಂದಾಗಿ ತಿದ್ದಬೇಕಾಯಿತು. 80ನ್ನು ಆದಾಯವೆಂದು ಬರೆದು, ಮತ್ತೆ 20ನ್ನೂ ಖರ್ಚೆಂದು ಕಳೆಯುವುದು ಇನ್ನೂ ಅಪಾಯ, ಏಕೆಂದರೆ ಒಂದೇ ಖರ್ಚು ಎರಡು ಸಲ ಕಳೆದಂತಾಗುತ್ತದೆ.

ಲ್ಯಾಪ್‌ಟಾಪಿನಂಥ ಬಾಳಿಕೆಯ ವಸ್ತುವಿನ ಬೆಲೆಯನ್ನು ಅನೇಕ ಕಡೆ ಕೊಂಡ ವರ್ಷವೇ ಪೂರ್ತಿ ಕಳೆಯದೆ, ಸವಕಳಿಯಾಗಿ ವರ್ಷವರ್ಷವೂ ಹಂಚಿ ಕಳೆಯಬೇಕಾಗುತ್ತದೆ. ತೆರಿಗೆ ಉಳಿಸಲೆಂದೇ ಬೇಡದ ವಸ್ತು ಕೊಳ್ಳುವವರನ್ನು ಕಂಡರೆ ನನಗೆ ಮರುಕವಾಗುತ್ತದೆ: ತೆರಿಗೆಯ ದರ ಶೇ. 20 ಇದ್ದರೆ, 100 ಖರ್ಚು ಮಾಡಿದವರಿಗೆ ಉಳಿಯುವುದು 20, ಕೈಬಿಟ್ಟು ಹೋಗುವುದು 80.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಕಾಗದದ ಮೇಲೆ. ಹಾರ್ಡ್ ಡಿಸ್ಕ್ ಕೊಂಡಾಗ ಸಿಕ್ಕಿದ ಮಿರುಗುವ ಕಾಗದದ ರಸೀದಿ, ಎಂಟು ತಿಂಗಳಲ್ಲಿ ಅಕ್ಷರವೆಲ್ಲ ಮಾಸಿ ಬರೀ ಬಿಳಿ ಪಟ್ಟಿಯಾಗಿತ್ತು. ಅಂದಿನಿಂದ ರಸೀದಿ ಕೈಗೆ ಬಂದ ದಿನವೇ ಅದರ ಅಂಚಿನಲ್ಲಿ ಯಾವ ಕೆಲಸಕ್ಕೆ ಕೊಂಡದ್ದೆಂದು ಒಂದು ಸಾಲು ಬರೆದು, ಫೋಟೊ ತೆಗೆದು, ಆ ತಿಂಗಳ ಫೋಲ್ಡರಿಗೆ ಸೇರಿಸುತ್ತೇನೆ.