ಮಿನಿ ಟ್ರ್ಯಾಕ್ಟರ್ ಸಾಗಿಸೋಕೆ ಎಂಥ ಟ್ರೇಲರ್ ಬೇಕು?

ಬೆಂಗಳೂರಿನ ಪೀಣ್ಯದ ವರ್ಕ್‌ಶಾಪಿಗೆ ಹೋಗಿ ಟ್ರೇಲರ್ ಮಾಡಿಸುವ ಮೊದಲು ಟ್ರ್ಯಾಕ್ಟರನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ಕ್ಯಾಟಲಾಗಿನಲ್ಲಿ 800 ಕೆ.ಜಿ. ಅಂತಿದ್ದರೂ ಹಿಂದೆ ರೋಟವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಇದ್ದರೆ, ಟೈರಿಗೆ ನೀರು ತುಂಬಿಸಿದ್ದರೆ 1,100 ದಾಟೋದು ಸುಲಭ. ಟ್ರೇಲರಿನದೇ 500 ಕೆ.ಜಿ. ಸೇರಿಸಿ. ಎಳೆಯುವ ಗಾಡಿಯ ಟೋಯಿಂಗ್ ಮಿತಿ ಈ ಒಟ್ಟು 1,600ಕ್ಕಿಂತ ಕಡಿಮೆಯಿದ್ದರೆ ಆಸೆ ಬಿಡಿ, ಬಾಡಿಗೆ ಕ್ಯಾಂಟರ್ ಹಿಡಿಯಿರಿ.

ಇಷ್ಟು ಭಾರಕ್ಕೆ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಅದೇ ನಿಮ್ಮ ಗಾಡಿಯನ್ನು ಮುಂದಕ್ಕೆ ದಬ್ಬುತ್ತೆ.

ಹೆಚ್ಚಿನವರು ಎಡವೋದು ಭಾರದ ಹಂಚಿಕೆಯಲ್ಲಿ. ಒಟ್ಟು ತೂಕದ ಶೇ. 10ರಿಂದ 15, ಅಂದರೆ ಇಲ್ಲಿ 160ರಿಂದ 240 ಕೆ.ಜಿ., ಟ್ರೇಲರನ್ನು ಗಾಡಿಗೆ ಸೇರಿಸುವ ಕೊಂಡಿ, ಅಂದರೆ ಹಿಚ್ ಮೇಲೆ ಕೂರಬೇಕು. ಭಾರ ಹಿಂದಕ್ಕೆ ವಾಲಿದರೆ ತುಮಕೂರು ರಸ್ತೆಯ ವೇಗದಲ್ಲಿ ಟ್ರೇಲರ್ ಬಾಲದ ಹಾಗೆ ಅಲ್ಲಾಡುತ್ತೆ. ಟ್ರ್ಯಾಕ್ಟರನ್ನು ಹಿಂದೆ ಮುಂದೆ ಸರಿಸಿ ಹೊಂದಿಸಲು ಟ್ರೇಲರಿನ ಹಲಗೆಯ ಉದ್ದದಲ್ಲಿ ಒಂದೆರಡು ಅಡಿ ಜಾಗ ಉಳಿದಿರಲಿ.

ಹಲಗೆ ಎರಡಡಿ ಎತ್ತರವಿದ್ದರೆ ರ‍್ಯಾಂಪ್ ಎಂಟಡಿ ಇರಲಿ. ಕಡಿದಾದರೆ ಹತ್ತುವಾಗ ಮುಂದಿನ ಚಕ್ರ ಮೇಲೇಳುತ್ತೆ. ರ‍್ಯಾಂಪಿನ ಮೇಲೆ ಕ್ಲಚ್ ಮೆಟ್ಟಬೇಡಿ, ಲೋ ಗೇರಿನಲ್ಲೇ ಹತ್ತಿಸಿ. ಟ್ರ್ಯಾಕ್ಟರಿನ ಎಡ ಬಲ ಚಕ್ರಗಳ ಬ್ರೇಕ್ ಪೆಡಲುಗಳನ್ನು ಮೊದಲೇ ಜೋಡಿಸಿ ಲಾಕ್ ಮಾಡಿ. ಮರೆತರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ.

ನಾಲ್ಕು ಮೂಲೆಗೂ ಬೇರೆ ಬೇರೆ, ಹಿಡಿ ಎಳೆದು ಬಿಗಿಯುವ ರ‍್ಯಾಚೆಟ್ ಬೆಲ್ಟ್ ಅಥವಾ ಸರಪಳಿ. ಮುಂದೆ ಆಕ್ಸಲ್ಲಿಗೆ, ಹಿಂದೆ ಡ್ರಾಬಾರಿಗೆ (ಟ್ರ್ಯಾಕ್ಟರಿನ ಎಳೆಯುವ ಕಂಬಿ). ಸ್ಟೀರಿಂಗ್ ರಾಡಿಗೆ ಮಾತ್ರ ಕಟ್ಟಲೇಬಾರದು. ರೋಟವೇಟರನ್ನು ಹಲಗೆಯ ಮೇಲೆ ಇಳಿಸಿ, ಅದಕ್ಕೂ ಒಂದು ಬೆಲ್ಟ್. ನಮ್ಮೂರಿನ ಹಂಪುಗಳ ಗುಣ ಗೊತ್ತಲ್ಲ, ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ.