ಗೇಜ್ ಗ್ಲಾಸ್‌ನಲ್ಲಿ ಕಂಡ ನೀರನ್ನು ಪರೀಕ್ಷಿಸದೆ ನಂಬಬೇಡಿ

ಮಹಾರಾಷ್ಟ್ರದ ಭೋಸರಿ, ಚಾಕಣ್, ತಳೋಜಾ ಕಡೆ ಬಾಯ್ಲರ್ ಕೆಲಸಕ್ಕೆ ಸೇರುವ ವಿಜಯಪುರ, ಕಲಬುರಗಿಯ ಹುಡುಗರು ಮೊದಲು ಕಲಿಯಬೇಕಾದದ್ದು ಗೇಜ್ ಗ್ಲಾಸ್ ಪರೀಕ್ಷೆ. ಬಾಯ್ಲರಿನಲ್ಲಿ ನೀರು ಎಷ್ಟಿದೆಯೆಂದು ತೋರಿಸುವ ಗಾಜಿನ ಕೊಳವೆಯೇ ಗೇಜ್ ಗ್ಲಾಸ್. ಡೈಯಿಂಗ್, ಡೈರಿ, ಔಷಧ ಕಾರ್ಖಾನೆ, ಆಸ್ಪತ್ರೆ ಲಾಂಡ್ರಿಗಳಲ್ಲಿ ಸಿಗುವುದು ಹೆಚ್ಚಾಗಿ ಫೈರ್ ಟ್ಯೂಬ್ ಬಾಯ್ಲರ್. ಬೆಂಕಿ, ಬಿಸಿ ಹೊಗೆ ಕೊಳವೆಗಳೊಳಗೆ; ನೀರು ಅವುಗಳ ಸುತ್ತ. ಗೇಜ್‌ನಲ್ಲಿ 10 ಬಾರ್ ಒತ್ತಡವಿದ್ದಾಗ ಆವಿ ಸುಮಾರು 184 ಡಿಗ್ರಿ, ಬೆಂಕಿಯೋ 1,000 ಡಿಗ್ರಿಗೂ ಮೇಲೆ. ಬೆಂಕಿ ಉರಿಯುವ ಫರ್ನೇಸಿನ ಉಕ್ಕು ತಡೆದುಕೊಂಡಿರುವುದು ಅದರ ಮೇಲೆ ನೀರು ನಿಂತಿರುವುದರಿಂದ.

ಪ್ರತಿ ಪಾಳಿಯ ಶುರುವಿಗೇ ಗ್ಲಾಸ್ ಬ್ಲೋ ಮಾಡಿ, ಅಂದರೆ ಆವಿ, ನೀರು ರಭಸದಿಂದ ಹಾಯಿಸಿ ಪರೀಕ್ಷಿಸಿ. ಕೈಗವಸು, ಕನ್ನಡಕ ಹಾಕಿ ಪಕ್ಕಕ್ಕೆ ನಿಂತು ಗ್ಲಾಸಿನ ಡ್ರೈನ್ ತೆರೆಯಿರಿ. ಕೆಳಗಿನ ನೀರಿನ ಕಾಕ್ (ನಲ್ಲಿ) ಮುಚ್ಚಿ: ಆವಿ ರಭಸದಿಂದ ಬರಬೇಕು. ಅದನ್ನು ತೆರೆದು ಮೇಲಿನ ಆವಿಯ ಕಾಕ್ ಮುಚ್ಚಿ: ಈಗ ನೀರು ನುಗ್ಗಬೇಕು. ಎರಡನ್ನೂ ತೆರೆದು ಡ್ರೈನ್ ಮುಚ್ಚಿದ ಕೂಡಲೇ ನೀರು ಹಿಂದಿನ ಮಟ್ಟಕ್ಕೆ ಏರಬೇಕು. ನಿಧಾನವಾಗಿ ಏರಿತೆಂದರೆ ದಾರಿ ಕಟ್ಟಿಕೊಳ್ಳುತ್ತಿದೆ.

ಕೆಳಗಿನ ದಾರಿ ಕಟ್ಟಿದರೆ ಬಾಯ್ಲರಿನಲ್ಲಿ ನೀರು ಇಳಿದರೂ ಗ್ಲಾಸಿನದು ಇಳಿಯುವುದಿಲ್ಲ. ಮೇಲಿನದು ಕಟ್ಟಿದರೆ ಇನ್ನೂ ಅಪಾಯ: ಸಿಕ್ಕಿಕೊಂಡ ಆವಿ ತಣಿದು ನೀರಾಗುತ್ತದೆ, ಅಲ್ಲಿ ಒತ್ತಡ ಕುಸಿದು ನೀರು ಮೇಲಕ್ಕೇರುತ್ತದೆ, ಗ್ಲಾಸ್ ತುಂಬಿದಂತೆ ಕಾಣುತ್ತದೆ.

ದಾರಿ ಕಟ್ಟಲು ಮುಖ್ಯ ಕಾರಣ ಕೆಸರು, ಸ್ಕೇಲ್ (ಗಡಸು ನೀರಿನಿಂದ ಕಟ್ಟುವ ಗಟ್ಟಿ ಪದರ). ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವಲ್ಲಿ ಗಡಸುತನ ತೆಗೆಯುವ ಸಾಫ್ಟ್‌ನರಿಗೆ ಉಪ್ಪು ಕೊಡುವುದು ತಪ್ಪಬಾರದು. ಹಾರ್ಡ್‌ನೆಸ್ ಪರೀಕ್ಷೆಯಲ್ಲಿ ಬಫರ್, ಇಂಡಿಕೇಟರ್ ಹಾಕಿದ ನೀರು ನೀಲಿಯಾದರೆ ಸರಿ. ಕೆಂಪಗಾದರೆ ರೀಜನರೇಷನ್ (ಉಪ್ಪುನೀರು ಹಾಯಿಸಿ ಅದನ್ನು ಮತ್ತೆ ಸಜ್ಜು ಮಾಡುವುದು) ಆಗುವವರೆಗೆ ಆ ನೀರನ್ನು ಫೀಡ್ ಟ್ಯಾಂಕಿಗೆ ಬಿಡಬೇಡಿ.

ನೀರು ಕಡಿಮೆಯಾದರೆ ಬರ್ನರ್ ನಿಲ್ಲಿಸಲು ಮೊಬ್ರಿ ಎಂಬ ಫ್ಲೋಟ್ ಸ್ವಿಚ್ ಇದೆ, ನಿಜ. ಆದರೆ ಅದರ ಚೇಂಬರಿನಲ್ಲೂ ಇದೇ ಕೆಸರು ಕೂರುತ್ತದೆ. ಅದನ್ನೂ ಪ್ರತಿ ಪಾಳಿ ಬ್ಲೋ ಮಾಡಿ, ಬರ್ನರ್ ನಿಜವಾಗಿ ನಿಲ್ಲುತ್ತದೆಯೇ ನೋಡಿ. ಪ್ರೊಡಕ್ಷನ್ ನಿಲ್ಲಬಾರದೆಂದು ಅದಕ್ಕೆ ತಂತಿ ಕೊಟ್ಟು ಬೈಪಾಸ್ ಮಾಡು ಎಂದು ಯಾರೇ ಹೇಳಲಿ, ಒಪ್ಪಬೇಡಿ.

ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಮೊದಲು ಬೆಂಕಿ ನಿಲ್ಲಿಸಿ. ಗಾಬರಿಯಲ್ಲಿ ಕೈ ಹೋಗುವುದು ಬಾಯ್ಲರಿಗೆ ನೀರು ತಳ್ಳುವ ಫೀಡ್ ಪಂಪಿನ ಸ್ವಿಚ್ಚಿಗೇ, ಅದನ್ನು ಮುಟ್ಟಬೇಡಿ. ಕಾದು ಕೆಂಪಾದ ಉಕ್ಕಿಗೆ ನೀರು ತಾಗಿದರೆ ಒಮ್ಮೆಲೇ ಆವಿ ಏಳುತ್ತದೆ, ಉಕ್ಕು ಬಿರಿಯಬಹುದು. ತಾನಾಗಿ ತಣಿಯಲು ಬಿಡಿ. ಮತ್ತೆ ಹೊತ್ತಿಸುವ ಮೊದಲು ಫರ್ನೇಸ್ ಉಬ್ಬಿದೆಯೇ, ಟ್ಯೂಬಿನ ತುದಿಗಳು ಸೋರುತ್ತಿವೆಯೇ ಎಂದು ಬಲ್ಲವರಿಂದ ಒಳಗೆ ತಪಾಸಣೆ ಮಾಡಿಸಬೇಕು.