“ಎಲ್ಲ ಫ್ರೀ ಅಲ್ವಾ, ಆದ್ರೂ ಯಾಕ್ರೀ ಬಿಡ್ತಾರೆ?”

ಮದುವೆ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳುತ್ತಾರೆ: “ನಿಮ್ಮ ಗೌರ್ಮೆಂಟ್ ಕಾಲೇಜಲ್ಲಿ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಹೆಣ್ಮಕ್ಕಳಿಗೆ ಬಸ್ಸೂ ಫ್ರೀ. ಆದ್ರೂ ಆ ಹುಡುಗ್ರು ಯಾಕ್ರೀ ಅರ್ಧಕ್ಕೇ ಬಿಡ್ತಾರೆ?” ಹತ್ತು ವರ್ಷ ನಕ್ಕು ಸುಮ್ಮನಾದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

“ಆ ಹುಡುಗ್ರು” ಅನ್ನುವಾಗಿನ “ಆ” ಇದೆಯಲ್ಲ, ನನಗೆ ಉರಿಯುವುದು ಅದಕ್ಕೇ.

ಫ್ರೀ ಅಂದರೆ ಏನು ಕೇಳಿ. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ, ಅರ್ಜಿ. ಅದಕ್ಕೆ ಜಾತಿ-ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್. ಅದಕ್ಕೆ ನಾಡಕಚೇರಿ. ದುಡ್ಡು ಬೀಳುವುದು ಆಧಾರ್ ಸೀಡ್ ಆದ, ಅಂದರೆ ಆಧಾರ್ ಜೋಡಣೆಯಾದ, ಖಾತೆಗೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಸೀಡ್ ಆಗುವುದಿಲ್ಲ, ಈ ಆಧಾರಿನ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂದು ಗುರುತು ಹಾಕುವ ಎನ್‌ಪಿಸಿಐ ಮ್ಯಾಪಿಂಗ್ ಅಂತ ಬೇರೆಯೇ ಒಂದಿದೆ. ಗೊತ್ತಿತ್ತಾ ನಿಮಗೆ? ಪಾಠ ಮಾಡುವ ನನಗೂ ಗೊತ್ತಿರಲಿಲ್ಲ, ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುವ ತನಕ.

ಮೂರನೇ ಸೆಮಿಸ್ಟರು. ಯಾರೂ ಹೇಳದಿದ್ದರೂ ಚಪ್ಪಲಿ ಹೊರಗೆ ಬಿಟ್ಟಿದ್ದಳು. ಜೊತೆಗೆ ಅವಳಮ್ಮ. ಕೈಯಲ್ಲಿ ಜವಳಿ ಅಂಗಡಿಯ ಕವರು, ಒಳಗೆ ಬರೀ ಒರಿಜಿನಲ್‌ಗಳು, ಒಂದೂ ಜೆರಾಕ್ಸ್ ಇಲ್ಲ. ಸ್ಕಾಲರ್‌ಶಿಪ್ ಬಂದೇ ಇಲ್ಲ. “ಬ್ಯಾಂಕಿಗೆ ಮೂರು ಸಲ ಆಧಾರ್ ಕೊಟ್ಟಿದ್ದೀವಿ ಸಾ.” ಮೂರು ಸಲ ಅಂದರೆ ಮೂರು ದಿನದ ಕೂಲಿ. ಮೊಬೈಲಲ್ಲಿ ನೋಡೋಣವೆಂದರೆ ಒಟಿಪಿ ಹೋಗುತ್ತಿದ್ದದ್ದು ಯಾವಾಗಲೋ ಸತ್ತುಹೋದ ಸಿಮ್ಮಿಗೆ. “ಮೊದಲೇ ಹೇಳೋಕೆ ಏನಾಗಿತ್ತು?” ಎಂದು ಗದರಿದೆ. ಹುಡುಗಿ ನೆಲ ನೋಡಿದಳು. ಅಮ್ಮ “ತಪ್ಪಾಯ್ತು ಸಾ” ಅಂದರು. ಅವರದೇನು ತಪ್ಪೋ ನನಗೆ ಇವತ್ತಿಗೂ ತಿಳಿದಿಲ್ಲ. ನಾಲ್ಕನೇ ಸೆಮಿಸ್ಟರಿಗೆ ಅವಳು ಬರಲಿಲ್ಲ. ನೀವು ಹೇಳುವ “ಬಿಟ್ಟವರ” ಲೆಕ್ಕಕ್ಕೆ ಒಂದು ಸೇರಿತು.

ಅದಿರಲಿ. “ನಿನ್ನ ಅರ್ಜಿ ತುಂಬಿದ್ದು ಯಾರಯ್ಯಾ?” ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನಮ್ಮಪ್ಪ. ನಮ್ಮೂರ ಹೈಸ್ಕೂಲ್ ಮೇಷ್ಟ್ರು. 2008ರಲ್ಲಿ ಸಿಇಟಿ ಕೌನ್ಸೆಲಿಂಗ್‌ಗೆ ಖುದ್ದಾಗಿ ಹೋಗಬೇಕಿತ್ತು. ಅಪ್ಪನ ರೆಕ್ಸಿನ್ ಬ್ಯಾಗಿನಲ್ಲಿ ಅಟೆಸ್ಟ್ ಮಾಡಿಸಿದ ಜೆರಾಕ್ಸ್ ಆರು ಸೆಟ್, ಯಾವ ಕಾಲೇಜು ಮೊದಲು ಯಾವುದು ಆಮೇಲೆ ಅಂತ ಕೆಂಪು ಇಂಕಿನ ಪಟ್ಟಿ, ಒಂದು ಗುಂಡುಸೂಜಿ ಡಬ್ಬಿ. ನನ್ನ ಕೆಲಸ ಬ್ಯಾಗು ಹೊರುವುದಷ್ಟೇ. ಅದನ್ನೂ ಸರಿಯಾಗಿ ಮಾಡಲಿಲ್ಲ.

ಸೀಟು ಸಿಕ್ಕಿದ್ದು ಗ್ರಾಮೀಣ ಮೀಸಲಾತಿಯಲ್ಲಿ. ಶೇ. 15. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದೆ, ಕಾನೂನಿನ ಪ್ರಕಾರ ಎಲ್ಲ ಸರಿ. ಅದರ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಅಪ್ಪ ಆ ಕಚೇರಿಗೆ ಹೋದರೆ ಕುರ್ಚಿ ಎಳೆದು ಹಾಕಿ ಟೀ ತರಿಸುತ್ತಿದ್ದರು.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಗಣಿತದಲ್ಲಿ ನನಗಿಂತ ಮುಂದಿದ್ದ. ಅಂಥ ಪತ್ರ ಒಂದಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಬಿಎಸ್ಸಿ ಸೇರಿ ಎರಡನೇ ವರ್ಷಕ್ಕೆ ಬಿಟ್ಟ. ನಮ್ಮಪ್ಪ ಅವನಿಗೂ ಮೇಷ್ಟ್ರೇ. ಹೇಳಬಹುದಿತ್ತು, ಹೇಳಲಿಲ್ಲ. ಪತ್ರ ನನ್ನ ಕೈಯಲ್ಲೇ ಇತ್ತು, ನಾನೂ ಹೇಳಲಿಲ್ಲ.